ಅಬಕಾರಿ ಕಾಕಾನ ಮನೆಯಲ್ಲಿ ವೈನು

ನಮ್ಮ ಆಫೀಸಿನಲ್ಲಿ ಆನ್‌ಸೈಟೆಂದು ವಿದೇಶಕ್ಕೆ ಹೋಗಿ ಬಂದವರು ಚಾಕೊಲೇಟು ತರುವುದು ಪದ್ಧತಿ. ಕಾಫಿ ಮೆಷೀನಿನ ಪಕ್ಕ ಡಬ್ಬಿ ತೆರೆದಿಟ್ಟರೆ ಋಣ ತೀರಿತು. ನಮ್ಮ ಟೀಮ್ ಲೀಡ್ ಮಾತ್ರ ಅಮೆರಿಕದಿಂದ ಮನೆಯಲ್ಲೇ ವೈನ್ ಮಾಡುವ ಕಿಟ್ಟೊಂದನ್ನು ಹೊತ್ತು ತಂದ. ತಾನೇ ಮಾಡಬೇಕೆಂದು ತಂದದ್ದು. ಆದರೆ ಅವನು ವಿಮಾನ ಇಳಿದ ವಾರವೇ ಅತ್ತೆ ಮಾವ ಬಂದು ಮನೆಯಲ್ಲಿ ಠಿಕಾಣಿ ಹೂಡಿದರು. ಪೆಟ್ಟಿಗೆ ನನ್ನ ಮೇಜಿಗೆ ಬಂತು. ಮೈಸೂರಿನವರಿಗೆ ತಾಳ್ಮೆ ಜಾಸ್ತಿ ಅಂದ. ನನ್ನ ತಾಳ್ಮೆಯ ಬಗ್ಗೆ ಯಾರೂ ಅಷ್ಟು ಒಳ್ಳೆಯ ಮಾತು ಅದಕ್ಕೆ ಮುಂಚೆ ಆಡಿರಲಿಲ್ಲ, ಆಮೇಲೂ ಆಡಿಲ್ಲ.

ನಾನಿದ್ದದ್ದು ಹೈದರಾಬಾದಿನ ಮಣಿಕೊಂಡದಲ್ಲಿ. ಐಟಿ ಕಂಪನಿಗಳು ದಿನಕ್ಕೊಂದು ಗಾಜಿನ ಕಟ್ಟಡ ಎಬ್ಬಿಸುತ್ತಿದ್ದ ಕಾಲ ಅದು. ಆ ಕಟ್ಟಡಗಳಲ್ಲಿ ಕೂರುವವರಿಗೆ ಮಲಗಲು ಜಾಗ ಬೇಕಲ್ಲ, ಮಣಿಕೊಂಡದ ಬಂಡೆಗಳನ್ನು ಸಿಡಿಸಿ ಅಪಾರ್ಟ್‌ಮೆಂಟು ಕಟ್ಟುತ್ತಿದ್ದರು. ಮಧ್ಯಾಹ್ನವಾದರೆ ಢಂ ಎನ್ನುತ್ತಿತ್ತು, ಕಿಟಕಿ ಗಾಜು ನಡುಗುತ್ತಿತ್ತು. ಒಂದು ಹಳೆಯ ಮನೆಯ ಮೇಲಂತಸ್ತಿನಲ್ಲಿ ನಾನು ಒಬ್ಬಳೇ ಬಾಡಿಗೆಗಿದ್ದೆ. ಕೆಳಗೆ ಮಾಲೀಕರಾದ ಗಂಡ ಹೆಂಡತಿ. ರಾಯಚೂರು ಕಡೆಯ ಮೂಲ, ಹೈದರಾಬಾದಿಗೆ ಬಂದು ತಲೆಮಾರುಗಳಾಗಿದ್ದವು. ಬೀದಿಯಲ್ಲಿ ತೆಲುಗು, ಆಟೋದವನ ಹತ್ತಿರ ಹಿಂದಿ, ಬಾಗಿಲು ಹಾಕಿಕೊಂಡರೆ ಕನ್ನಡ. ನಾನು ಅವರನ್ನು ಕಾಕಾ, ಕಾಕು ಎನ್ನುತ್ತಿದ್ದೆ.

ಕಾಕಾ ಹಣೆಯ ತುಂಬ ವಿಭೂತಿ ಹಚ್ಚುವ ಮನುಷ್ಯ. ಅಬಕಾರಿ ಇಲಾಖೆಯಲ್ಲಿ ದುಡಿದು ನಿವೃತ್ತರಾಗಿದ್ದರು. ತೆಲಂಗಾಣದ ಹಳ್ಳಿಗಳನ್ನು ಸುತ್ತಿ, ಗುಡುಂಬ ಎಂದು ಅಲ್ಲಿಯವರು ಕರೆಯುವ ಕಳ್ಳಭಟ್ಟಿಯ ಮಡಕೆಗಳನ್ನು ಹುಡುಕಿ ಒಡೆದದ್ದೇ ಅವರ ಆಯುಷ್ಯದ ಸಾಧನೆ. ತಾವು ಒಂದು ಹನಿಯನ್ನೂ ನಾಲಿಗೆಗೆ ಸೋಕಿಸಿದವರಲ್ಲ. ಮನೆ ಕೊಡುವಾಗ ಕಾಕು ಷರತ್ತು ಹಾಕಿದ್ದರು: ಮಾಂಸ ಇಲ್ಲ, ಮೀನು ಇಲ್ಲ, ತತ್ತಿಯಂತೂ ಇಲ್ಲವೇ ಇಲ್ಲ. ಅವರ ಕಡೆ ಮೊಟ್ಟೆಗೆ ತತ್ತಿ ಎನ್ನುತ್ತಾರೆ. ವೈನಿನ ಬಗ್ಗೆ ಏನೂ ಹೇಳಿರಲಿಲ್ಲ. ಬಾಡಿಗೆಯ ಹುಡುಗಿ ಮೇಲೆ ಭಟ್ಟಿ ಇಟ್ಟಾಳೆಂದು ಅವರಿಗೆ ಹೊಳೆಯದಿದ್ದರೆ ಅದಕ್ಕೆ ನಾನು ಹೊಣೆಯಲ್ಲ.

ಕಿಟ್ಟಿನಲ್ಲಿ ಜೋನಿಬೆಲ್ಲದಷ್ಟು ಮಂದವಾದ ದ್ರಾಕ್ಷಿ ರಸದ ಚೀಲ, ಯೀಸ್ಟಿನ ಪೊಟ್ಟಣ, ಒಂದೆರಡು ಬಿಳಿ ಪುಡಿ ಮತ್ತು ಹಾವಿನಂತೆ ಸುತ್ತಿಕೊಂಡ ಪ್ಲಾಸ್ಟಿಕ್ ಕೊಳವೆಯೊಂದಿತ್ತು. ಆ ಕೊಳವೆಯಲ್ಲಿ ಸ್ವಲ್ಪ ನೀರು ತುಂಬಿ ಪಾತ್ರೆಯ ಬಾಯಿಗೆ ಸಿಕ್ಕಿಸಬೇಕು. ಒಳಗಿನ ಗಾಳಿ ಗುಳುಗುಳು ಎಂದು ಹೊರಗೆ ಹೋಗುತ್ತದೆ, ಹೊರಗಿನದು ಒಳಗೆ ಬರುವುದಿಲ್ಲ. ಪಾತ್ರೆಯನ್ನು ನಾವೇ ಹೊಂದಿಸಿಕೊಳ್ಳಬೇಕು. ಕುಡಿಯುವ ನೀರಿನ ಕ್ಯಾನೊಂದರ ಮುಚ್ಚಳಕ್ಕೆ ಕಾದ ಸ್ಕ್ರೂಡ್ರೈವರಿನಿಂದ ತೂತು ಹಾಕಿದೆ. ಎಲ್ಲ ಬೆರೆಸಿದ ಮೇಲೆ ತಂಪಾದ, ಕತ್ತಲೆಯ ಜಾಗದಲ್ಲಿಡಿ ಎಂದು ಬರೆದಿತ್ತು. ಮೇ ತಿಂಗಳ ಹೈದರಾಬಾದಿನಲ್ಲಿ ನನಗೆ ಗೊತ್ತಿದ್ದ ಅಂಥ ಜಾಗ ನಮ್ಮ ಆಫೀಸಿನ ಸರ್ವರ್ ರೂಮು ಒಂದೇ.

ಇಂಟರ್‌ನೆಟ್ಟಿನಲ್ಲಿ ಮನೆವೈನು ಮಾಡುವವರ ಕೂಟವೊಂದಿತ್ತು. ಎಲ್ಲರೂ ಹಿಮ ಬೀಳುವ ದೇಶದವರು. ಇಡೀ ದಿನ ಕಾದರೂ ಒಂದು ಗುಳ್ಳೆ ಏಳಲಿಲ್ಲ, ಸತ್ತು ಹೋಯಿತೇ ಎಂದು ಕೇಳಿದೆ. ಚಳಿಗೆ ಹಾಗಾಗುತ್ತದೆ, ಕಂಬಳಿ ಹೊದಿಸಿ ಎಂಬ ಉತ್ತರ ಬಂತು. ನನ್ನ ಬೆವರು ಕೀಬೋರ್ಡಿನ ಮೇಲೆ ಬೀಳುತ್ತಿತ್ತು. ಇಲ್ಲಿ ಸುಡುವ ಬಿಸಿಲು ಎಂದು ಬರೆದರೆ, ನೆಲಮಾಳಿಗೆಗೆ ಒಯ್ಯಿರಿ ಎಂದರು. ನಮ್ಮ ನೆಲದ ಕೆಳಗೆ ಇದ್ದದ್ದು ಬಂಡೆ, ಅದನ್ನೂ ಸಿಡಿಸುತ್ತಿದ್ದರು. ಕೊನೆಗೆ ಕ್ಯಾನನ್ನು ನೀರು ತುಂಬಿದ ಟಬ್ಬಿನಲ್ಲಿ ಕೂರಿಸಿ, ಒದ್ದೆ ಬೆಡ್‌ಶೀಟು ಹೊದಿಸಿ, ಮನೆಯಲ್ಲಿದ್ದ ಒಂದೇ ಕೂಲರನ್ನು ಅದರ ಕಡೆ ತಿರುಗಿಸಿದೆ. ವೈನು ತಂಗಾಳಿಯಲ್ಲಿ ಮಲಗಿತು, ನಾನು ಬರಿ ನೆಲದ ಮೇಲೆ ಹೊರಳಾಡಿದೆ. ಮರುದಿನ ಗುಳ್ಳೆ ಶುರುವಾಯಿತು. ಅಷ್ಟು ಖುಷಿ ನನಗೆ ಆ ವರ್ಷದ ಇನ್‌ಕ್ರಿಮೆಂಟಿನಲ್ಲೂ ಆಗಿರಲಿಲ್ಲ.

ಖುಷಿ ಬಹಳ ಬಾಳಲಿಲ್ಲ. ಕ್ಯಾನಿನಿಂದ ಕೊಳೆತ ಮೊಟ್ಟೆಯ ವಾಸನೆ ಬರತೊಡಗಿತು. ಕೂಟದವರನ್ನು ಕೇಳಿದರೆ, ಯೀಸ್ಟಿಗೆ ಸ್ಟ್ರೆಸ್ ಆದಾಗ ಹಾಗೆ ನಾರುತ್ತದೆ, ಮೆತ್ತಗೆ ತಿರುವಿ ಎಂದರು. ನಮ್ಮ ಟೀಮಿಗೂ ಆಗ ಸಾಫ್ಟ್‌ವೇರ್ ರಿಲೀಸಿನ ಸ್ಟ್ರೆಸ್ಸು ಇತ್ತು, ನಾವೂ ಹೆಚ್ಚುಕಡಿಮೆ ಹಾಗೇ ನಾರುತ್ತಿದ್ದೆವು. ನಮ್ಮನ್ನು ಮೆತ್ತಗೆ ತಿರುವಲು ಯಾರೂ ಬರಲಿಲ್ಲ.

ನಾನು ತಿರುವುತ್ತಿದ್ದಾಗಲೇ ಬಾಗಿಲು ಬಡಿದ ಸದ್ದು. ಕಾಕು ಸೆರಗನ್ನು ಮೂಗಿಗೆ ಒತ್ತಿಕೊಂಡು ನಿಂತಿದ್ದರು, ಹಿಂದೆ ಕಾಕಾ. ತತ್ತಿ ಬೇಯಿಸಿದ್ದೇನೆಂದು ಕಾಕುವಿನ ಆರೋಪ. ಫ್ರಿಜ್ಜು ತೆರೆದು ತೋರಿಸಿದೆ, ನಂಬಲಿಲ್ಲ. ಕಾಕಾ ಮಾತ್ರ ಕೋಣೆಯ ನಡುವೆ ನಿಂತು ಒಮ್ಮೆ ಉಸಿರೆಳೆದುಕೊಂಡರು. ಅವರ ಕಣ್ಣು ಒದ್ದೆ ಬೆಡ್‌ಶೀಟಿನ ಮೇಲೆ ನಿಂತಿತು.

"ತತ್ತಿ ಅಲ್ಲ ಬಿಡು, ಮೋರಿ ಕಟ್ಟೈತಿ," ಎಂದು ಹೆಂಡತಿಗೆ ಹೇಳಿದರು. "ನೀ ಕೆಳಗ ನಡಿ, ನಾ ನೋಡಿ ಬರ್ತೀನಿ."

ಕಾಕು ಇಳಿದು ಹೋದರು. ಕಾಕಾ ಬೆಡ್‌ಶೀಟು ಎತ್ತಿದರು. ದ್ರಾಕ್ಷಿ ಜ್ಯೂಸು ಎಂದೆ.

"ತಂಗಿ, ಈ ಮೂಗಿಗೆ ಸರ್ಕಾರ ಇನ್ನೂ ಪೆನ್ಶನ್ ಕೊಡಾಕತ್ತೈತಿ. ಇದರ ಮುಂದ ಜ್ಯೂಸ್ ಅನಬ್ಯಾಡ."

ಒಡೆಯಲು ಕೋಲು ತರಲು ಹೋಗುತ್ತಾರೆ ಎಂದುಕೊಂಡೆ. ಅವರು ಪಂಚೆ ಮೇಲಕ್ಕೆಳೆದು ಕುಕ್ಕರುಗಾಲಲ್ಲಿ ಕೂತರು, ಕಿವಿಯನ್ನು ಕ್ಯಾನಿಗೆ ಹಚ್ಚಿದರು. ಒಳಗೆ ಮಳೆ ಹಿಡಿದಂಥ ಸಣ್ಣ ಸದ್ದು. ಬಹಳ ಹೊತ್ತು ಕೇಳಿದರು. ಇದು ಯಾವಾಗ ನಿಲ್ಲುತ್ತದೆ ಎಂದು ವಿಚಾರಿಸಿದರು. ನನಗೂ ಗೊತ್ತಿಲ್ಲ, ಇದೇ ಮೊದಲ ಸಲ ಎಂದೆ.

"ನನಗೂ ಗೊತ್ತಿಲ್ಲ," ಎಂದರು. "ಇಷ್ಟು ಮಡಕಿ ಒಡದೀನಿ, ಒಂದನ್ನೂ ಕಡೀತನಕ ನೋಡಿಲ್ಲ. ನಾವು ಯಾವಾಗ್ಲೂ ನಡುವ ಹೋಗ್ತಿದ್ವಿ." ಎದ್ದು ಮೊಣಕಾಲು ಉಜ್ಜಿಕೊಂಡರು. "ಇರಲಿ ಬಿಡು. ನಿಮ್ಮ ಕಾಕುಗ ಹೇಳಬ್ಯಾಡ."

ಮೋರಿ ಎಂದು ಸುಳ್ಳು ಹೇಳಿದ್ದಕ್ಕೆ ಅವರಿಗೆ ತಕ್ಕ ಶಾಸ್ತಿಯಾಯಿತು. ಕಾಕು ದಿನವೂ ಅವರ ಕೈಯಲ್ಲಿ ಮೋರಿಗೆ ಫಿನಾಯಿಲ್ ಹಾಕಿಸಿದರು. ಅಲ್ಲಿಂದ ನೀರಿನ ಟ್ಯಾಂಕು ನೋಡುವ ನೆಪದಲ್ಲಿ ಕಾಕಾ ಸಂಜೆ ಸಂಜೆ ಮೇಲೆ ಬರತೊಡಗಿದರು. ನನ್ನ ಪ್ರಶ್ನೆಗಳು ಹಿಂದೆ ಬಿದ್ದವು, ಅವರವೇ ಮುಂದೆ ನಿಂತವು. ಅವರು ಕನ್ನಡದಲ್ಲಿ ಕೇಳುವುದು, ನಾನು ಇಂಗ್ಲಿಷಿನಲ್ಲಿ ಕೂಟಕ್ಕೆ ಬರೆಯುವುದು. ಸಕ್ಕರೆ ಎಲ್ಲಿ ಹೋಗುತ್ತದೆ? ಕೊಳವೆ ಕಟ್ಟಿಕೊಂಡರೆ ಕ್ಯಾನ್ ಸಿಡಿಯುತ್ತದೆಯೇ? ಯೀಸ್ಟು ಜೀವಂತ ಎಂದ ಮೇಲೆ ಇದು ಮಾಂಸಾಹಾರವಾಗುವುದಿಲ್ಲವೇ? ಮೂರನೆಯ ಪ್ರಶ್ನೆಗೆ ಕೂಟದಲ್ಲಿ ದೊಡ್ಡ ಜಗಳವೇ ಆಯಿತು. ಕೆನಡಾದವನೊಬ್ಬ ಬೇಸತ್ತು ಕೂಟ ಬಿಟ್ಟ.

ಗುಳ್ಳೆ ನಿಂತ ಮೇಲೆ ಗಷ್ಟು ತಳಕ್ಕಿಳಿದು ವೈನು ತಿಳಿಯಾಗಬೇಕು, ಅಲುಗಾಡಿಸಬಾರದು ಎಂದರು ಕೂಟದವರು. ಅದೇ ವಾರ ಪಕ್ಕದ ಸೈಟಿನಲ್ಲಿ ಸ್ಫೋಟ ಜೋರಾಯಿತು, ತಳ ಸೇರಿದ್ದೆಲ್ಲ ಮತ್ತೆ ಮೇಲೆದ್ದಿತು. ಕಾಕಾ ವಿಭೂತಿ ಹಚ್ಚಿಕೊಂಡು ಕಾಂಟ್ರಾಕ್ಟರನ ಹತ್ತಿರ ಹೋದರು. ಮನೆಯಲ್ಲಿ ಹೃದ್ರೋಗಿ ಇದ್ದಾರೆಂದು ತೆಲುಗಿನಲ್ಲಿ ಗದರಿದರು. ಕೆಲವು ದಿನ ಸಿಡಿತ ನಿಂತಿತು. ಆ ರೋಗಿ ಕೂಲರಿನ ಮುಂದೆ ಹಾಯಾಗಿ ತಿಳಿಯಾದಳು.

ಒಂದು ಭಾನುವಾರ ಮಧ್ಯಾಹ್ನ ಕ್ಯಾನು ತೆರೆದೆವು. ಬಣ್ಣವೇನೋ ಚೆನ್ನಾಗಿತ್ತು. ನಾನು ಒಂದು ಗುಟುಕು ಕುಡಿದೆ: ಹುಳಿ, ಒಗರು, ಹಿಂದೆ ರೊಟ್ಟಿ ಹಿಟ್ಟಿನ ವಾಸನೆ. ಕಾಕಾ ಸ್ಟೀಲ್ ಲೋಟದಲ್ಲಿ ಒಂದಿಷ್ಟು ಹಾಕಿಸಿಕೊಂಡು ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡರು. ಮುಖ ಹಾಗಲಕಾಯಿ ತಿಂದಂತಾಯಿತು.

"ಇದಕ್ಕಾ," ಎಂದರು ನಿಧಾನವಾಗಿ, "ಆ ಭಟ್ಟಿ ಮಂದಿ ನಮ್ಮನ್ನ ಕಂಡು ಹೊಲದಾಗ ಬಿದ್ದು ಎದ್ದು ಓಡತಿದ್ರು?"

ಆಗಲೇ ಕಾಕು ಮಾವಿನಹಣ್ಣಿನ ತಟ್ಟೆ ಹಿಡಿದು ಒಳಗೆ ಬಂದದ್ದು. ಗಂಡನ ಕೈಯ ಲೋಟ ನೋಡಿದರು, ಕ್ಯಾನು ನೋಡಿದರು. ನಾನು ಮನಸ್ಸಿನಲ್ಲೇ ಗಂಟುಮೂಟೆ ಕಟ್ಟಿದೆ. ಅವರು ತಟ್ಟೆ ಕೆಳಗಿಟ್ಟು ಲೋಟ ಕಸಿದುಕೊಂಡರು, ಮೂಸಿದರು, ಎತ್ತಿ ಬಾಯಿಗೆ ಹೊಯ್ದುಕೊಂಡರು.

"ನನ್ನ ದ್ರಾಕ್ಷಾಸವ ಇದ್ದಂಗ ಐತಲ್ರಿ," ಎಂದರು. "ಭಾಳ ತೆಳ್ಳಗ ಆಗೈತಿ ಅಷ್ಟ."

ಮೊದಲ ಬಾಣಂತನದಿಂದ ಕಾಕು ದಿನಾ ಊಟದ ಮೇಲೆ ದ್ರಾಕ್ಷಾಸವ ತೆಗೆದುಕೊಳ್ಳುತ್ತಿದ್ದರು. ದ್ರಾಕ್ಷಿಯನ್ನು ಬೆಲ್ಲದ ಜೊತೆ ಹುದುಗಲಿಟ್ಟು ಮಾಡುವ ಔಷಧಿ. ಹೆಂಗಸರ ಔಷಧಿ ಎಂದು ಕಾಕಾ ಅದರ ಮುಚ್ಚಳ ಬಿಚ್ಚಿ ಮೂಸಿದವರಲ್ಲ. ಈಗ ಕೆಳಗೆ ಹೋಗಿ ಬಾಟಲಿ ತಂದರು, ಕನ್ನಡಕ ಏರಿಸಿ ಚೀಟಿ ಓದಿದರು. ತಾನಾಗಿ ಹುಟ್ಟಿದ ಆಲ್ಕೋಹಾಲ್ ಇದೆ ಎಂದು ಸಣ್ಣ ಅಕ್ಷರದಲ್ಲಿ ಬರೆದಿತ್ತು. ಎರಡು ಸಲ ಓದಿ ಗೋಡೆಗೆ ಒರಗಿ ಕೂತರು.

"ಇಷ್ಟು ವರ್ಷ ಇದನ್ನ ನಾನಾ ತಂದು ಕೊಟ್ಟೀನಿ," ಎಂದರು.

"ಮತ್ತ್ಯಾರು ತರಬೇಕಿತ್ತು?" ಎಂದರು ಕಾಕು, ಮಾವಿನಹಣ್ಣು ನನ್ನ ಕಡೆ ಸರಿಸುತ್ತ.

ಕಾಕಾ ಮೊದಲು ಹೊಟ್ಟೆ ಮಾತ್ರ ಅಲುಗಿಸಿ ನಕ್ಕರು, ಆಮೇಲೆ ಕೆಮ್ಮು ಬರುವವರೆಗೆ ನಕ್ಕರು. ನಾನು ವೈನನ್ನು ಬಾಟಲಿಗಳಿಗೆ ತುಂಬಿ ಒಂದನ್ನು ಲೀಡಿಗೆ ಕೊಟ್ಟೆ. ಅವನು ಅತ್ತೆಗೆ ಹೆದರಿ ಕಾರಿನಲ್ಲೇ ಕುಡಿದು, ಪರವಾಗಿಲ್ಲ ಎಂದ. ಹಾಗೆಂದರೆ ಕೆಟ್ಟದಾಗಿತ್ತು ಎಂದರ್ಥ. ಉಳಿದದ್ದನ್ನು ಕಾಕು ತಮ್ಮ ಅಡುಗೆಮನೆಗೆ ಸಾಗಿಸಿದರು. ಇದಕ್ಕೆ ಲವಂಗ, ಏಲಕ್ಕಿ ಹಾಕಿದರೆ ನಡೆಯುತ್ತದೆಯೇ ಕೇಳು ನಿನ್ನ ಆ ಮಂದಿಯನ್ನು ಎಂದು ನನಗೆ ಹೇಳಿದರು. ನಾನು ಬರೆದು ಹಾಕಿದೆ. ಉತ್ತರ ಬರುವ ತನಕ ಕಾಯುವ ಹೆಂಗಸಲ್ಲ ಅವರು. ನಾನು ಕೆಳಗಿಳಿದು ನೋಡಿದಾಗ ಕಾಕು ಕುಟ್ಟಿದ ಏಲಕ್ಕಿಯನ್ನು ಬಾಟಲಿಗೆ ಸುರಿಯುತ್ತಿದ್ದರು. ಕಾಕಾ ಎರಡೂ ಕೈಯಲ್ಲಿ ಲಾಳಿಕೆ ಹಿಡಿದು ನಿಂತಿದ್ದರು.