ಮಲಗಿದ ಕೂಸನ್ನು ನೋಡುವ ವಿದ್ಯೆ

ಹಡಗಲಿಯ ಸರ್ಕಾರಿ ಆಸ್ಪತ್ರೆಯಲ್ಲಿ ಎಕ್ಸ್‌ರೇ ಮತ್ತು ಸ್ಕ್ಯಾನಿಂಗ್ ನೋಡುವುದು ನನ್ನ ಕೆಲಸವಾಗಿತ್ತು. ದೊಡ್ಡವರಿಗೆ "ಉಸಿರು ಹಿಡೀರಿ" ಅಂದರೆ ಹಿಡಿಯುತ್ತಿದ್ದರು. ಕೂಸುಗಳಿಗೆ ಏನೆಂದು ಹೇಳುವುದು? ತಾಯಿ ಕೈ ಹಿಡಿದು, ಅಪ್ಪ ಕಾಲು ಹಿಡಿದು, ಕೂಸು ಕಿರುಚಿ ಕಿರುಚಿ ಕೆಂಪಾಗಿ, ಕೊನೆಗೆ ಕೈಗೆ ಬರುವ ಫಿಲ್ಮು ಪೂರ್ತಿ ಮಸುಕು. ಇನ್ನೊಂದು ತೆಗೆಯೋಣವೆಂದರೆ ಮತ್ತೆ ಅದೇ ಗೋಳು.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ದೂರದ ದೇಶದ ಮಕ್ಕಳ ಆಸ್ಪತ್ರೆಯೊಂದು ನಮ್ಮಂಥ ಕಡೆಯ ಡಾಕ್ಟರುಗಳನ್ನು ತನ್ನದೇ ಖರ್ಚಿನಲ್ಲಿ ಕರೆಸಿ, ಮಕ್ಕಳ ಸ್ಕ್ಯಾನಿಂಗ್ ಕಲಿಸಿ ಕಳಿಸುತ್ತದೆಂದು ಹುಬ್ಬಳ್ಳಿಯಲ್ಲಿದ್ದ ನನ್ನ ಗುರುಗಳು ತಿಳಿಸಿದರು. ಅರ್ಜಿ ಹಾಕಿದೆ. ಕರೆಯೂ ಬಂತು. ಬಂದ ಮೇಲೆ ಭಯವಾಯಿತು. ಮಗಳಿಗೆ ಆಗಿನ್ನೂ ಎರಡು ತುಂಬಿರಲಿಲ್ಲ. ಗಂಡನಿಗೆ ಹರಪನಹಳ್ಳಿಯ ಬ್ಯಾಂಕಿನಲ್ಲಿ ಕೆಲಸ, ರಜೆಯಲ್ಲಷ್ಟೇ ಮನೆಗೆ ಬರುವವರು. ಕೊಟ್ಟೂರಿನಲ್ಲಿದ್ದ ಅವ್ವನ ಹತ್ತಿರ ಹೋಗಿ ಕೂತು ಎಲ್ಲ ಹೇಳಿದೆ. ಅವ್ವ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ನಿನ್ನ ಸಾಕಿದಾಕಿ ನಾನ. ಇಕಿನ್ನ ಸಾಕಾಕ ಬರಂಗಿಲ್ಲೇನು ನನಗ? ಹೋಗಿ ಬಾ."

ಆ ಊರು ಸಮುದ್ರದ ದಂಡೆಯಲ್ಲಿತ್ತು. ನಾನು ಹೋದದ್ದು ಚಳಿಗಾಲದಲ್ಲಿ. ಮಧ್ಯಾಹ್ನ ಊಟ ಮುಗಿಸಿ ಹೊರಗೆ ಬಂದರೆ ಆಗಲೇ ಸಂಜೆಯಾದಂತೆ ಬೆಳಕು ಇಳಿಯುತ್ತಿತ್ತು. ಮಂಜು ಬೀದಿಯ ಮೇಲೆ ತೇಲುತ್ತಿತ್ತು. ಅದರೊಳಗಿಂದ ಜನ ಮೂಡಿ ಬಂದು, ಮತ್ತೆ ಅದರೊಳಗೇ ಹೋಗುತ್ತಿದ್ದರು. ಎಚ್ಚರವಿದ್ದೂ ಯಾರದೋ ಕನಸಿನಲ್ಲಿ ಓಡಾಡುತ್ತಿದ್ದೇನೆ ಎನ್ನಿಸುತ್ತಿತ್ತು ನನಗೆ. ಆ ತಿಂಗಳುಗಳನ್ನು ನೆನೆದರೆ ಈಗಲೂ ಮೊದಲು ಬರುವುದು ಆ ಮಂಜೇ.

ನಮಗೆ ಕಲಿಸುತ್ತಿದ್ದವರು ನರೆಗೂದಲಿನ ಹಿರಿಯ ಡಾಕ್ಟರಮ್ಮ. ಬಹಳ ಮೆಲ್ಲಗೆ ಮಾತಾಡುವವರು. ಮೊದಲ ದಿನ ನನ್ನನ್ನು ಯಂತ್ರದ ಹತ್ತಿರ ಬಿಡಲಿಲ್ಲ.

"ಇವತ್ತು ನೀವು ಏನೂ ಮುಟ್ಟಬೇಡಿ. ಮಗು ಹೇಗೆ ಮಲಗುತ್ತದೆ ಅಂತ ಸುಮ್ಮನೆ ನೋಡಿ" ಎಂದರು.

ನೋಡಿದೆ. ಕೂಸಿಗೆ ಹಸಿವಾಗುವವರೆಗೆ ತಡೆದು, ಆಮೇಲೆ ಮಂದ ಬೆಳಕಿನ ಕೋಣೆಯಲ್ಲಿ ಹಾಲು ಕುಡಿಸುತ್ತಿದ್ದರು. ಯಂತ್ರದ ಸದ್ದು ಕೇಳಿಸದಂತೆ ಕಿವಿಗೆ ಹತ್ತಿ ಇಟ್ಟು, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತುತ್ತಿದ್ದರು. ಆಮೇಲೆ ಕಾಯುವುದು. ನರ್ಸುಗಳು ತುದಿಗಾಲಲ್ಲಿ ನಡೆಯುವರು. ಕೂಸಿನ ರೆಪ್ಪೆ ಅಲುಗುವುದು ನಿಂತ ಮೇಲೆ ಅದನ್ನು ಮೆಲ್ಲಗೆ ದೊಡ್ಡ ಯಂತ್ರದೊಳಗೆ ಸರಿಸುವರು. ಮತ್ತಿನ ಔಷಧಿಯಿಲ್ಲ, ಕೈಕಾಲು ಒತ್ತಿ ಹಿಡಿಯುವುದಿಲ್ಲ. ಒಂದೊಂದು ದಿನ ಅಲ್ಲಿ ಕಾದು ಕೂತು ನನಗೇ ಜೊಂಪು ಹತ್ತುತ್ತಿತ್ತು.

ವಾರಕ್ಕೊಮ್ಮೆ ಕೊಟ್ಟೂರಿಗೆ ಫೋನು ಮಾಡುತ್ತಿದ್ದೆ. ಅವ್ವ ಎಸ್‌ಟಿಡಿ ಅಂಗಡಿಗೆ ಬಂದು ಕಾಯುತ್ತಿದ್ದಳು. ರಿಸೀವರನ್ನು ಮಗಳ ಕಿವಿಗೆ ಹಿಡಿದು, "ಮಾತಾಡವ್ವಾ, ನಿಮ್ಮವ್ವ ಅದಾಳ ಇದರಾಗ" ಎನ್ನುವುದು ಕೇಳಿಸುತ್ತಿತ್ತು. ಮಗಳು ಮಾತಾಡುತ್ತಿರಲಿಲ್ಲ. ಬರೀ ಉಸಿರು. ನಾನೂ ಏನೂ ಹೇಳದೆ ಅದನ್ನೇ ಕೇಳಿಸಿಕೊಂಡು ನಿಲ್ಲುತ್ತಿದ್ದೆ.

ಒಮ್ಮೆ ಒಂದು ಗಂಡುಕೂಸು ಏನು ಮಾಡಿದರೂ ಮಲಗಲಿಲ್ಲ. ಅದರ ತಾಯಿ ಅಳುವುದಕ್ಕೆ ಶುರುಮಾಡಿದ್ದಳು. "ನಾನೊಮ್ಮೆ ನೋಡಲೇ?" ಎಂದು ಕೇಳಿದೆ. ನೆಲದ ಮೇಲೆ ಕೂತು, ಕಾಲು ಚಾಚಿ, ಅವ್ವ ಸುತ್ತುವ ಹಾಗೆ ಕೈ ಒಳಗಿಟ್ಟು ಬಟ್ಟೆ ಸುತ್ತಿದೆ. ಕಾಲ ಮೇಲೆ ಮಲಗಿಸಿ ತೂಗಿದೆ. ಜೋಗುಳ ಹಾಡೋಣವೆಂದರೆ ಒಂದು ಸಾಲೂ ನೆನಪಾಗಲೊಲ್ಲದು. ಬಾಯಿಗೆ ಬಂದದ್ದು ನಮ್ಮ ಬಸ್ಸಿನ ಕಂಡಕ್ಟರ್ ಕೂಗುವ ಊರುಗಳು. ಅವನ್ನೇ ರಾಗ ಮಾಡಿ ಅಂದೆ: "ಕೂಡ್ಲಿಗಿ... ಕೊಟ್ಟೂರು... ಕೋಗಳಿ... ಹಗರಿಬೊಮ್ಮನಹಳ್ಳಿ... ಹಡಗಲಿ... ಹೊಳಲು..." ಹೊಳಲು ಮುಟ್ಟಿದ ಮೇಲೆ ತಿರುಗಿ ಕೂಡ್ಲಿಗಿಯಿಂದ. ಆ ಬಸ್ಸಿನಲ್ಲಿ ನಾನೇ ಕೂತಂತಾಯಿತು. ರಸ್ತೆ ಬದಿಯ ಬೇವಿನ ಮರಗಳು, ಜೋಳದ ಹೊಲಗಳು ಕಣ್ಣ ಮುಂದೆ ಹಿಂದಕ್ಕೆ ಸರಿದವು. ಕೂಸಿನ ಕುತ್ತಿಗೆ ಸಡಿಲವಾಯಿತು.

"ಅದು ಯಾವ ಹಾಡು?" ಡಾಕ್ಟರಮ್ಮ ಪಿಸುಗುಟ್ಟಿದರು.

"ಬಸ್ಸು ನಿಲ್ಲುವ ಊರುಗಳು" ಎಂದೆ. ಅವರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕರು.

ಅಲ್ಲಿ ಕಲಿತದ್ದರಲ್ಲಿ ನನಗೆ ಬಹಳ ಹಿಡಿಸಿದ್ದು ನೆತ್ತಿಯ ಸ್ಕ್ಯಾನಿಂಗ್. ಎಳೆಗೂಸಿನ ನೆತ್ತಿಯಲ್ಲಿ ಎಲುಬಿನ್ನೂ ಕೂಡಿಕೊಂಡಿರುವುದಿಲ್ಲ. ಆ ಮೆತ್ತನೆಯ ಜಾಗದ ಮೇಲೆ ಸ್ಕ್ಯಾನಿಂಗ್ ಯಂತ್ರದ ಹಿಡಿಯನ್ನು ಹಗುರವಾಗಿ ಇಟ್ಟರೆ ಸಾಕು, ಪರದೆಯ ಮೇಲೆ ಮೆದುಳು ಮೂಡುತ್ತದೆ. ಬೂದುಬಣ್ಣದ ಮಡಿಕೆಗಳು, ನಡುವೆ ನೀರು ನಿಲ್ಲುವ ಎರಡು ಸಣ್ಣ ಕಪ್ಪು ಜಾಗ. ಇದಕ್ಕೆ ದೊಡ್ಡ ಯಂತ್ರವೇನೂ ಬೇಡ. ಬಸುರಿಯರ ಹೊಟ್ಟೆ ನೋಡುವ ನಮ್ಮ ಹಡಗಲಿಯ ಹಳೆಯ ಯಂತ್ರವೇ ಸಾಕೆಂದು ತಿಳಿದ ದಿನ ನನಗೆ ಊರಿಗೆ ಹೋಗುವ ಆತುರ ಹತ್ತಿತು.

ಊರಿಗೆ ಬಂದಾಗ ಮಗಳು ಅವ್ವನ ಸೆರಗಿನ ಹಿಂದೆ ನಿಂತಳು. ಆಗ ಅವಳಿಗೆ ಮಾತು ಚೆನ್ನಾಗಿ ಬಂದಿತ್ತು. "ಇಕಿ ಯಾವಾಗ ಹೋಗ್ತಾಳ?" ಎಂದು ಅವ್ವನನ್ನು ಕೇಳಿದಳು. ಅವ್ವ ನಗಲಿಲ್ಲ, ನಾನೂ ನಗಲಿಲ್ಲ. ನಾನು ಅವಸರ ಮಾಡದೆ ಮನೆಯಲ್ಲಿ ಅವಳ ಆಸುಪಾಸು ಇದ್ದುಬಿಟ್ಟೆ. ಒಂದು ಮಧ್ಯಾಹ್ನ ಆಡುತ್ತ ಆಡುತ್ತ ಬಂದು ನನ್ನ ತೊಡೆಯ ಮೇಲೆ ನಿದ್ದೆ ಹೋದಳು. ಎದ್ದ ಮೇಲೆ, ಏನೂ ನಡೆದೇ ಇಲ್ಲವೆಂಬಂತೆ, ನನ್ನನ್ನೇ ನೀರು ಕೇಳಿದಳು.

ಆ ಬೇಸಿಗೆಯಲ್ಲಿ ಹಡಗಲಿಗೆ ಕುರಿ ಕಾಯುವ ಮನೆತನದ ಹೆಣ್ಣುಮಗಳೊಬ್ಬಳು ಕೂಸನ್ನು ಎತ್ತಿಕೊಂಡು ಬಂದಳು. ಜೊತೆಗೆ ಅತ್ತೆ. ಹೊಳಲಿನ ಹತ್ತಿರ ಹೊಲವೊಂದರಲ್ಲಿ ಕುರಿ ತರುಬಿ ಬಿಡಾರ ಹೂಡಿದ್ದರಂತೆ. ಕೂಸಿನ ತಲೆ ಮೈಗಿಂತ ಬೇಗ ಬೆಳೆಯುತ್ತಿತ್ತು. ಕುಡಿದ ಹಾಲೆಲ್ಲ ಕಕ್ಕುತ್ತಿತ್ತು.

"ದೃಷ್ಟಿ ಆಗೈತ್ರಿ. ಇಳೆ ತೆಗೆದ್ವಿ, ಕಮ್ಮಿ ಆಗಲಿಲ್ಲ" ಎಂದಳು ಅತ್ತೆ.

ದೀಪ ಆರಿಸಿ, ಪರದೆ ಎಳೆದು, "ಇಲ್ಲೇ ಕುಂತು ಹಾಲು ಕುಡಸವ್ವಾ. ಅವಸರ ಇಲ್ಲ" ಎಂದೆ. ಹೊರಗೆ ಸಾಲಿನಲ್ಲಿದ್ದವರು ಗೊಣಗಿದರು. ಕೂಸು ಹಾಲು ಕುಡಿಯುತ್ತ ಕುಡಿಯುತ್ತ ಮಲಗಿತು. ಎಷ್ಟು ರಾತ್ರಿಯ ನಿದ್ದೆ ಬಾಕಿಯಿತ್ತೋ, ಗೋಡೆಗೆ ಒರಗಿದ್ದ ತಾಯಿಯೂ ಹಾಗೇ ನಿದ್ದೆ ಹೋದಳು. ಸ್ವಲ್ಪ ಹೊತ್ತಿಗೆ ಅತ್ತೆಯ ತಲೆಯೂ ಎದೆಗೆ ಬಾಗಿತು. ಫ್ಯಾನು ತಿರುಗುತ್ತಿತ್ತು. ಮೂರು ಉಸಿರುಗಳ ನಡುವೆ ನಾನೊಬ್ಬಳೇ ಎಚ್ಚರ. ನೆತ್ತಿಗೆ ಜೆಲ್ ಹಚ್ಚಿ ಹಿಡಿ ಇಟ್ಟೆ. ಎರಡು ಕಪ್ಪು ಜಾಗಗಳು ಮಳೆಗಾಲದ ಕೆರೆಗಳಂತೆ ತುಂಬಿ ಉಬ್ಬಿದ್ದವು. ಸುತ್ತಲಿನ ಮೆದುಳು ತೆಳ್ಳಗೆ ಅಂಚಿಗೆ ಸರಿದಿತ್ತು. ನೋಡಬೇಕಾದ್ದೆಲ್ಲ ನೋಡಿದೆ. ಆಮೇಲೂ ಅವರನ್ನು ಎಬ್ಬಿಸಲು ಮನಸ್ಸಾಗದೆ ಸ್ವಲ್ಪ ಹೊತ್ತು ಕೂತೇ ಇದ್ದೆ.

ತಾಯಿ ಗಾಬರಿಯಿಂದ ಎದ್ದಳು. "ನಾ ಮಲಗಿಬಿಟ್ನೇನ್ರಿ? ಕೂಸಿಗೆ ಏನು ಮಾಡಿದ್ರಿ?"

"ಏನೂ ಚುಚ್ಚಿಲ್ಲವ್ವಾ. ನೋಡೋದು ಆತು. ತಲಿಯೊಳಗ ನೀರು ತುಂಬೈತಿ. ಹುಬ್ಬಳ್ಳಿಗೆ ಹೋದ್ರ ಒಳಗ ಸಣ್ಣ ಪೈಪು ಕೂಡಸ್ತಾರ. ನೀರು ತಾನ ಹೊಟ್ಟಿಗೆ ಇಳಿತೈತಿ."

"ತಲಿ ಕೊಯ್ತಾರೇನವ್ವಾ?" ಅತ್ತೆಗೂ ಎಚ್ಚರವಾಗಿತ್ತು. "ನನ್ನ ಮಗ ಕುರಿ ಹಿಂದ ಹೋಗ್ಯಾನ. ಅವ ಬರೂತನಕ ತಡಿಯಾಕ ಬರಂಗಿಲ್ಲೇನು?"

"ತಡೀಬಾರದು ಅಜ್ಜಿ."

ಅತ್ತೆ ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಅವಂಗ ನಾ ಹೇಳ್ಕೊಂತೀನಿ. ನಡಿಯವ್ವಾ" ಎಂದು ಸೊಸೆಯನ್ನು ಹೊರಡಿಸಿದಳು. ನಾನು ಹುಬ್ಬಳ್ಳಿಯ ಗುರುಗಳಿಗೆ ಫೋನು ಮಾಡಿದೆ. ಅತ್ತೆ ಸೊಸೆ ಅವತ್ತಿನ ಬಸ್ಸಿಗೇ ಹೋದರು. ಆಪರೇಷನ್ ಆಯಿತು, ಕೂಸು ಹಾಲು ಕುಡಿಯುತ್ತಿದೆ ಎಂಬ ಸುದ್ದಿ ಗುರುಗಳಿಂದ ಬಂತು. ಅದರಾಚೆ ಏನೂ ತಿಳಿಯಲಿಲ್ಲ. ಕುರಿಗಳ ಜೊತೆ ಎತ್ತ ಹೋದರೋ.

ಎರಡು ಬೇಸಿಗೆ ಕಳೆದ ಮೇಲೆ ಅದೇ ದಾರಿಗೆ ಕುರಿ ಬಂದಾಗ ಆ ತಾಯಿ ಮಗನನ್ನು ನಡೆಸಿಕೊಂಡು ಬಂದಳು. ನಡಿಗೆ ತಡವಾಗಿ ಕಲಿತಿದ್ದನಂತೆ, ಇನ್ನೂ ತೂಗಾಡುತ್ತಿದ್ದ. ಕಿವಿಯ ಹಿಂದೆ ಹೊಲಿಗೆಯ ಗೀರು ಇತ್ತು.

"ಅವತ್ತು ನೀವು ಏನು ನೋಡಿದ್ರಿ, ನನಗೂ ತೋರಸ್ರಿ. ನಾ ಮಲಗಿಬಿಟ್ಟಿದ್ದೆ" ಎಂದಳು.

ಅವನ ನೆತ್ತಿ ಮುಟ್ಟಿ ನೋಡಿದೆ. ಎಲುಬು ಕೂಡಿಕೊಂಡು ಗಟ್ಟಿಯಾಗಿತ್ತು. "ಇನ್ನ ಕಾಣಂಗಿಲ್ಲವ್ವಾ, ಮುಚ್ಚೈತಿ" ಎಂದೆ. ಅವಳ ಮುಖ ಸಪ್ಪಗಾಯಿತು. ಮಗನ ತಲೆಯ ಮೇಲೆ ಅಂಗೈ ಇಟ್ಟು, ಒಳಗಿನದೇನೋ ಕೈಗೆ ಹತ್ತೀತೇನೋ ಎಂಬಂತೆ ಸವರಿದಳು.

"ಮುಚ್ಚಿದ್ದ ಚೊಲೋ ಬಿಡ್ರಿ" ಎಂದಳು ಆಮೇಲೆ.

ಅಷ್ಟರಲ್ಲಿ ಅವನು ಮೇಜಿನ ಮೇಲಿದ್ದ ನನ್ನ ನೀರಿನ ಲೋಟಕ್ಕೆ ಕೈ ಹಾಕಿದ್ದ. ಎರಡು ಗುಟುಕು ಕುಡಿದು, ಉಳಿದದ್ದನ್ನು ನನ್ನ ಬಿಳಿ ಕೋಟಿನ ಮೇಲೆ ಚೆಲ್ಲಿ ನಕ್ಕ. ಅವನ ತಾಯಿ ಬೈಯುತ್ತ ಅವನನ್ನು ಎತ್ತಿಕೊಂಡು ಹೊರಟಳು. ಒದ್ದೆ ಕೋಟಿನಲ್ಲೇ ನಾನು ಮುಂದಿನವರನ್ನು ಒಳಗೆ ಕರೆದೆ.