ಹೊರಗಿನ ಚಿಲಕ

ಊರವರೆಲ್ಲ ಆಕೆಯನ್ನು ಬೀಗದಕ್ಕ ಎಂದೇ ಕರೆಯುತ್ತಿದ್ದರು. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಒಂದು ಔಷಧಿ ಅಂಗಡಿಗೂ ಒಂದು ಚಪ್ಪಲಿ ಅಂಗಡಿಗೂ ನಡುವೆ ತುರುಕಿಟ್ಟಂತಿದ್ದ ಬೀಗ ರಿಪೇರಿಯ ಅಂಗಡಿ ಅವಳದು. ಅಪ್ಪ ತೀರಿಕೊಂಡ ಮೇಲೆ ಅಣ್ಣಂದಿರೆಲ್ಲ ಅಂಗಡಿ ಬೇಡವೆಂದಾಗ ಇವಳೇ ಅರ ಹಿಡಿದು ಕೂತಿದ್ದಳು. ಮದುವೆ ಮನೆಗೆ ಹೋದರೆ ಯಾರಾದರೊಬ್ಬರು, "ಏನಕ್ಕ, ನೀನು ಯಾವ ಕಡೆ ಬೀಗರು?" ಎಂದು ಚೇಷ್ಟೆ ಮಾಡದೆ ಬಿಡುತ್ತಿರಲಿಲ್ಲ. "ಎರಡು ಕಡೆಯವರ ಬಾಗಿಲೂ ನನಗೆ ಗೊತ್ತು, ಹುಷಾರಾಗಿರಿ" ಎಂದು ಅವಳೂ ನಗುತ್ತಿದ್ದಳು.

ಒಂದು ಮಧ್ಯಾಹ್ನ ಇಸ್ತ್ರಿ ಮಾಡಿದ ಶರಟು ತೊಟ್ಟ ಒಬ್ಬ ಮನುಷ್ಯ ಅಂಗಡಿಗೆ ಬಂದ. ವಯಸ್ಸು ನಲವತ್ತರ ಆಸುಪಾಸು, ದನಿ ತೀರ ಮೆತ್ತಗೆ.

"ಅಕ್ಕಾ, ನಮ್ಮಮ್ಮ ಒಳಗಿಂದ ಲಾಕ್ ಮಾಡ್ಕೊಂಡು ಕೂತಿದ್ದಾರೆ. ಮರೆವಿನ ಕಾಯಿಲೆ. ತೆಗೆಯೋದು ಹೇಗೆ ಅಂತಾನೇ ಮರೆತುಬಿಟ್ಟಿದ್ದಾರೆ. ಸ್ವಲ್ಪ ಬರ್ತೀರಾ?"

ಅವಳು ಚೀಲ ಹೆಗಲಿಗೆ ಹಾಕಿಕೊಂಡು ಹೊರಟಳು. ಎರಡು ಬೀದಿ ಆಚೆಗಿನ ಹಳೆಯ ಮನೆ. ಬಾಗಿಲು ತೆಗೆಯುವುದಕ್ಕೆ ಹೆಚ್ಚು ಹೊತ್ತೇನೂ ಹಿಡಿಯಲಿಲ್ಲ. ಒಳಗೆ ಬೆತ್ತದ ಕುರ್ಚಿಯಲ್ಲಿ ಒಬ್ಬ ಮುದುಕಿ ಕೂತಿದ್ದಳು. ಕೂದಲು ಅಚ್ಚುಕಟ್ಟಾಗಿ ಬಾಚಿತ್ತು, ಮೂಗಿನ ಮೇಲೆ ಕನ್ನಡಕ, ತೊಡೆಯ ಮೇಲೆ ಮಡಿಸಿದ ಪೇಪರ್. ಬಾಗಿಲು ತೆರೆದಾಗ ಅವಳು ಮಗನನ್ನು ನೋಡಲಿಲ್ಲ, ಬೀಗದಕ್ಕನ ಕೈಯನ್ನು ನೋಡಿದಳು.

ಬಂದ ಕೆಲಸ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮಗ, ಮುಂಬಾಗಿಲಿಗೆ ಹೊಸ ಲಾಕ್ ಕೂರಿಸಿ ಕೀಲಿಗಳನ್ನೆಲ್ಲ ತನ್ನ ಕೈಗೇ ಕೊಡಬೇಕೆಂದ. ಆಮೇಲೆ ಹಿಂದಿನ ಕೋಣೆ ತೋರಿಸಿ, "ಇದಕ್ಕೆ ಹೊರಗಡೆಯಿಂದ ಒಂದು ಚಿಲಕ ಹೊಡೆದುಬಿಡಿ. ಅಮ್ಮ ಎದ್ದು ಹೋಗಿ ಗ್ಯಾಸ್ ಹಚ್ತಾರೆ, ಏನಾದ್ರೂ ಹೆಚ್ಚುಕಮ್ಮಿ ಆದ್ರೆ?" ಎಂದ.

ಕೇಳುವುದಕ್ಕೆ ಸರಿಯಾದ ಮಾತೇ. ಅವಳು ಚಿಲಕ ಕೂರಿಸತೊಡಗಿದಳು. ಅವನು ನೀರು ತರಲು ಒಳಗೆ ಹೋದಾಗ, ಮುದುಕಿ ಕುರ್ಚಿಯಿಂದ ಎದ್ದು ಬಂದು ಅವಳ ಬೆನ್ನ ಹಿಂದೆ ನಿಂತಳು.

"ನನಗೆ ಮರೆವಿಲ್ಲಮ್ಮ," ಎಂದಳು, ಉಸಿರಿನಷ್ಟೇ ದನಿಯಲ್ಲಿ. "ಅದನ್ನ ಹಾಕ್ಬೇಡ."

ಬೀಗದಕ್ಕ ತಿರುಗಿ ನೋಡಿದಳು. ಇನ್ನೊಂದೇ ಸ್ಕ್ರೂ ಬಾಕಿಯಿತ್ತು. ಅಷ್ಟರಲ್ಲಿ ಮಗ ನೀರಿನ ಲೋಟ ಹಿಡಿದು ಬಂದ. ಮರೆವಿನವರು ತಮಗೆ ಮರೆವಿದೆ ಎಂದು ಎಲ್ಲಾದರೂ ಹೇಳುತ್ತಾರೆಯೇ ಎಂದು ತನಗೆ ತಾನೇ ಹೇಳಿಕೊಂಡು, ಅವಳು ಆ ಸ್ಕ್ರೂವನ್ನೂ ತಿರುಗಿಸಿ ಬಿಗಿ ಮಾಡಿದಳು. ಮನೆಗೆ ಬಂದು ಗಂಡನಿಗೆ ತಲೆನೋವು ಎಂದಷ್ಟೇ ಹೇಳಿ ಮಲಗಿಬಿಟ್ಟಳು.

ಮುಂದಿನ ವಾರ ಪೊಲೀಸಿನವನೊಬ್ಬ ಅಂಗಡಿಯ ಮುಂದೆ ಬಂದು ನಿಂತ. ಆ ಮನೆಯಲ್ಲಿ ಒಡವೆ ಕಳುವಾಗಿದೆ, ಲಾಕ್ ಹಾಕಿದವಳು ಒಂದು ಕೀಲಿ ಉಳಿಸಿಕೊಂಡಿದ್ದಾಳೆ ಎಂದು ಮಗ ದೂರು ಕೊಟ್ಟಿದ್ದ. ಠಾಣೆಯಲ್ಲಿ ಅವಳನ್ನು ಸಂಜೆಯವರೆಗೆ ಬೆಂಚಿನ ಮೇಲೆ ಕೂರಿಸಿದರು. ಅವನೂ ಅಲ್ಲೇ ಇದ್ದ. "ಅಕ್ಕನ ಮೇಲೆ ನನಗೆ ಕೋಪ ಇಲ್ಲ ಸಾರ್," ಎನ್ನುತ್ತಿದ್ದ. "ಅಮ್ಮ ನಮ್ಮ ಚಿಕ್ಕಮ್ಮನ ಊರಿಗೆ ವಿಶ್ರಾಂತಿಗೆ ಹೋಗಿದ್ದಾರೆ. ವಿಷಯ ಗೊತ್ತಾದ್ರೆ ಪಾಪ, ಎದೆ ಒಡ್ಕೋತಾರೆ." ನಾಳಿದ್ದು ಮತ್ತೆ ಬರಬೇಕೆಂದು ಹೇಳಿ ಅವಳನ್ನು ಕಳಿಸಿದರು. ಅಷ್ಟರಲ್ಲಿ ಸುದ್ದಿ ಬೀದಿಗೆ ಮುಟ್ಟಿತ್ತು. ಅವಳು ಹಿಂದೆ ಬೀಗ ಹಾಕಿಕೊಟ್ಟಿದ್ದ ಒಂದಿಬ್ಬರು ಆಗಲೇ ಬೇರೆ ಬೀಗ ಕೊಂಡು ತಂದಿದ್ದರು.

ಬ್ರೆಡ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಿದ್ದ ಗಂಡ ರಜೆ ಹಾಕಿ, ಅವಳನ್ನು ಮೊದಲು ಗಾಜಿನ ಬಾಗಿಲಿನ ಕಚೇರಿಯ ಒಬ್ಬ ಯುವ ವಕೀಲನ ಬಳಿಗೆ ಕರೆದೊಯ್ದ. ಆತ ಫೋನಿನಿಂದ ತಲೆ ಎತ್ತದೆ, "ಒಡವೆ ವಾಪಸ್ ಕೊಟ್ಟು ಒಪ್ಕೊಂಡ್ಬಿಡಿ, ಬೇಗ ಮುಗಿಸಿಬಿಡೋಣ" ಎಂದ. ತೆಗೆದುಕೊಳ್ಳದ ಒಡವೆಯನ್ನು ಎಲ್ಲಿಂದ ಕೊಡುವುದು ಎಂದು ಕೇಳುವಷ್ಟು ಪುರುಸೊತ್ತನ್ನೂ ಆತ ಕೊಡಲಿಲ್ಲ. ಹೊರಗೆ ಬಂದಾಗ ಗಂಡನ ಕಣ್ಣಲ್ಲೂ ಒಂದು ಪ್ರಶ್ನೆ ಇಣುಕಿದಂತಾಯಿತು. ಪೊಲೀಸಿನವರಿಗಿಂತ ಅವಳಿಗೆ ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು.

ಔಷಧಿ ಅಂಗಡಿಯವನು ಹೇಳಿದ: "ನಮ್ಮ ಮಹಡಿ ಮೇಲೇ ದೊಡ್ಡ ವಕೀಲಮ್ಮ ಇದ್ದಾರಲ್ಲಕ್ಕ. ಇಂಥದ್ದೇ ಕೇಸು ಅಂತಿಲ್ಲ, ಎಲ್ಲಾ ನೋಡ್ತಾರೆ. ಮೂವತ್ತು ವರ್ಷದಿಂದ ಈ ಊರಿನ ಜಗಳಾನೆಲ್ಲ ಅರೆದು ಕುಡಿದಿದ್ದಾರೆ."

ಮಹಡಿಯ ಮೇಲೆ ಕಾಯುತ್ತಿದ್ದವರನ್ನು ನೋಡಿದರೇ ಅದು ಗೊತ್ತಾಗುತ್ತಿತ್ತು. ಒಬ್ಬರ ಮುಖ ಒಬ್ಬರು ನೋಡದ ಗಂಡ ಹೆಂಡತಿ, ಗೋಡೆಯ ತಕರಾರಿನ ಅಣ್ಣತಮ್ಮ, ಬಾಡಿಗೆದಾರನನ್ನು ಬಿಡಿಸಲಾಗದೆ ಬಡಕಲಾದ ಒಬ್ಬ ಮನೆ ಮಾಲೀಕ. ಒಳಗೆ ನರೆತ ಕೂದಲಿನ ವಕೀಲಮ್ಮ ಪೆನ್ನನ್ನು ಮುಟ್ಟಲಿಲ್ಲ.

"ಕೊನೆಯಿಂದ ಹೇಳಿ," ಎಂದರು. "ಠಾಣೆಗೆ ಹೋಗಿದ್ದು. ಅದಕ್ಕೆ ಮುಂಚೆ? ಅದಕ್ಕೂ ಮುಂಚೆ?"

ಬೀಗದಕ್ಕ ಹಿಂದು ಹಿಂದಕ್ಕೆ ಹೇಳುತ್ತ ಹೋಗಿ ಆ ಚಿಲಕದ ಹತ್ತಿರ ಬಂದಾಗ ಒಂದು ಕ್ಷಣ ತಡವರಿಸಿದಳು.

"ಇಲ್ಲೇನೋ ಬಿಟ್ರಿ," ಎಂದರು ವಕೀಲಮ್ಮ.

ಬೀಗದಕ್ಕ ಗಂಡನ ಕಡೆ ನೋಡದೆ, ಮುದುಕಿ ಹೇಳಿದ ಎರಡು ಮಾತನ್ನೂ ಹೇಳಿದಳು. ಕೊನೆಯ ಸ್ಕ್ರೂವಿನ ಸಂಗತಿಯನ್ನೂ ಬಿಡಲಿಲ್ಲ. ಗಂಡ ತಿರುಗಿ ಅವಳನ್ನೇ ನೋಡಿದ.

ವಕೀಲಮ್ಮ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ಆಮೇಲೆ ಆ ಅಮ್ಮನ್ನ ಯಾರಾದ್ರೂ ನೋಡಿದ್ದಾರಾ?" ಎಂದು ಕೇಳಿದರು.

ಯಾರೂ ನೋಡಿದ ಸುದ್ದಿ ಇರಲಿಲ್ಲ.

"ಕಳ್ಳತನದ ದೂರು ಯಾಕೆ ಕೊಟ್ಟ ಗೊತ್ತಾ? ಆ ಚಿಲಕ ಇದೆ ಅಂತ ಹೊರಗಿನವರಲ್ಲಿ ಗೊತ್ತಿರೋದು ನಿಮಗೊಬ್ಬರಿಗೇ. ನಾಳೆ ನೀವು ಬಾಯಿ ಬಿಟ್ಟರೂ, ಕಳ್ಳಿ ಮಾತು ಅಂತ ಯಾರೂ ಕಿವಿಗೆ ಹಾಕ್ಕೋಬಾರದು." ಅವರು ವಕಾಲತ್ತಿನ ಹಾಳೆ ಮುಂದಿಟ್ಟು ಸಹಿಯ ಜಾಗ ತೋರಿಸಿದರು. "ನನ್ನ ಫೀಸು ಎಷ್ಟಂತ ಈಗಲೇ ಹೇಳ್ತೀನಿ, ಆಮೇಲೆ ಏರಿಸಲ್ಲ. ಗೆಲ್ತೀವಿ ಅಂತ ಮಾತು ಮಾತ್ರ ಕೊಡಲ್ಲ. ಮತ್ತೆ, ಇವತ್ತಿಂದ ಬಾಯಿಗೊಂದು ಬೀಗ ಹಾಕ್ಕೊಳ್ಳಿ. ಕೀಲಿ ನನ್ನ ಹತ್ರ ಇರಲಿ."

ಎಷ್ಟೋ ದಿನಗಳ ಮೇಲೆ ಅವಳಿಗೆ ನಗು ಬಂತು. ಅರ್ಧಕ್ಕೇ ನಿಂತಿತು.

ಆ ಮುದುಕಿ ಹಿಂದೆ ಟೀಚರಾಗಿದ್ದದ್ದು ವಕೀಲಮ್ಮನಿಗೆ ಗೊತ್ತಿತ್ತು. ಅವಳಿದ್ದ ಶಾಲೆಗೆ ಅಲ್ಲಿಂದಲೇ ಫೋನ್ ಮಾಡಿ, ಅವಳ ತಂಗಿಯ ನಂಬರ್ ಹುಡುಕಿಸಿದರು. ತಂಗಿಯ ಗಾಬರಿಯ ದನಿ ಮೇಜಿನ ಈಚೆಗೂ ಕೇಳಿಸುತ್ತಿತ್ತು: "ಅಕ್ಕ ಇಲ್ಲಿಗೆ ಬಂದೇ ಇಲ್ವಲ್ಲ! ಮನೆ ಮಾರೋಕೆ ಸಹಿ ಹಾಕು ಅಂತ ಅವನು ಒಂದು ವರ್ಷದಿಂದ ಕುತ್ತಿಗೆ ಮೇಲೆ ಕೂತಿದ್ದ. ಫೋನ್ ಮಾಡಿದ್ರೆ ಅಮ್ಮ ಮಲಗಿದ್ದಾರೆ, ಮಲಗಿದ್ದಾರೆ ಅಂತಾನೆ."

ಮರುದಿನ ಬೆಳಿಗ್ಗೆ ತಂಗಿ ಬಸ್ಸಿಳಿದು ನೇರವಾಗಿ ಕೋರ್ಟಿಗೇ ಬಂದಳು. ಅಕ್ಕನನ್ನು ಕೂಡಿಹಾಕಿದ್ದಾರೆ, ಹುಡುಕಿಸಿಕೊಡಿ ಎಂದು ಅವಳ ಹೆಸರಲ್ಲಿ ವಕೀಲಮ್ಮ ಅರ್ಜಿ ಹಾಕಿದರು. ಬೀಗದಕ್ಕ ಕಟಕಟೆಯಲ್ಲಿ ನಿಂತು ಚಿಲಕದ ವಿಷಯ ಹೇಳಿದಳು. ಮಧ್ಯಾಹ್ನದೊಳಗೆ ಮನೆ ಶೋಧಿಸಲು ಆದೇಶವಾಯಿತು.

ಮನೆಗೆ ಬೀಗ ಬಿದ್ದಿತ್ತು. ಮಗ ಫೋನ್ ಎತ್ತುತ್ತಿರಲಿಲ್ಲ. ಇನ್ಸ್‌ಪೆಕ್ಟರ್ ಬೀಗದಕ್ಕನ ಕಡೆ ತಿರುಗಿ, "ತೆಗೀತೀಯಾ, ಇಲ್ಲ ಒಡೆಸ್ಲಾ?" ಎಂದ.

ಅವಳು ಚೀಲವನ್ನು ಕೆಳಗಿಟ್ಟಳು. "ಮೇಡಂ, ನನ್ನಿಂದ ಆಗಲ್ಲ. ಒಳಗೆ ಏನಾದ್ರೂ ಆಗಿಹೋಗಿದ್ರೆ?"

"ಆಗಿದ್ರೂ ನೋಡಲೇಬೇಕಲ್ಲ," ಎಂದರು ವಕೀಲಮ್ಮ. "ನಾನು ಪಕ್ಕದಲ್ಲೇ ಇದ್ದೀನಿ. ತೆಗೀರಿ."

ಮುಂಬಾಗಿಲು ತೆರೆಯಿತು. ಮುಚ್ಚಿದ ಕಿಟಕಿಗಳ ಕಮಟು ವಾಸನೆ ಮುಖಕ್ಕೆ ಹೊಡೆಯಿತು. ಬೆತ್ತದ ಕುರ್ಚಿ ಖಾಲಿಯಿತ್ತು. ಹಿಂದಿನ ಕೋಣೆಯ ಚಿಲಕ ಹೊರಗಿನಿಂದ ಬಿದ್ದಿತ್ತು, ಹೊಸ ಹಿತ್ತಾಳೆಯ ಹೊಳಪು ಇನ್ನೂ ಹಾಗೇ ಇತ್ತು. ತಂಗಿ "ಅಕ್ಕಾ" ಎಂದು ಕೂಗಿದಳು. ಉತ್ತರ ಬರಲಿಲ್ಲ. ಪೊಲೀಸರು ಮುಂದೆ ಬರುವ ಮೊದಲೇ ಬೀಗದಕ್ಕ ಹೋಗಿ ಚಿಲಕ ಸರಿಸಿದಳು.

ಮುದುಕಿ ನೆಲದ ಹಾಸಿಗೆಯ ಮೇಲೆ ಬಿದ್ದಿದ್ದಳು. ಒಣಗಿದ ತುಟಿ, ಕನ್ನಡಕವಿಲ್ಲದ ಕಣ್ಣು. ಬಾಗಿಲಿನ ಒಳಮೈಯಲ್ಲಿ ಚಿಲಕದ ಎತ್ತರಕ್ಕೆ ಸರಿಯಾಗಿ ಬಣ್ಣವೆಲ್ಲ ಕೆರೆದುಹೋಗಿತ್ತು. ಉಸಿರು ಮಾತ್ರ ಇತ್ತು.

ನಿದ್ದೆ ಮಾತ್ರೆ ಕೊಟ್ಟು ಕೊಟ್ಟು ಹೀಗಾಗಿದೆ, ಇನ್ನೊಂದೆರಡು ದಿನವಾಗಿದ್ದರೆ ಕಷ್ಟವಿತ್ತು ಎಂದು ಆಸ್ಪತ್ರೆಯಲ್ಲಿ ಹೇಳಿದರು. ಮಗ ಸಿಕ್ಕಿಬಿದ್ದ. ಕಳುವಾಗಿದೆ ಎಂದ ಒಡವೆ ಅವನ ಕಾರಿನಲ್ಲೇ ಇತ್ತು, ಬೀಗದಕ್ಕನ ಮೇಲಿನ ದೂರು ಬಿದ್ದುಹೋಯಿತು. ಅವಳು ಆಸ್ಪತ್ರೆಗೆ ಹೋಗಿ ಮಂಚದ ಪಕ್ಕ ನಿಂತಾಗ ಮುದುಕಿ ಬಹಳ ಹೊತ್ತು ಅವಳನ್ನೇ ನೋಡಿ, ಮೆಲ್ಲಗೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ಕ್ಷಮೆ ಕೇಳಲೆಂದು ಹೋದವಳು ಹಾಗೇ ವಾಪಸಾದಳು. ಕೆಲವು ವಾರಗಳ ಮೇಲೆ ತಂಗಿ ಅಕ್ಕನನ್ನು ತನ್ನ ಊರಿಗೆ ಕರೆದುಕೊಂಡು ಹೋದಳೆಂದು ತಿಳಿಯಿತು.

ಗಿರಾಕಿಗಳು ಒಬ್ಬೊಬ್ಬರಾಗಿ ಮರಳಿ ಬಂದರು. ಈಗ ಅವಳು ಯಾರ ಮನೆಯ ಬಾಗಿಲಾದರೂ ಸರಿ, ಮೊದಲು ತಟ್ಟಿ, ಒಳಗಿದ್ದವರ ದನಿ ಕೇಳಿಯೇ ಮುಂದಿನ ಕೆಲಸ ಮಾಡುತ್ತಿದ್ದಳು. ಒಂದು ದಿನ ಅರದಿಂದ ಕೀಲಿ ಉಜ್ಜುತ್ತಿದ್ದಾಗ ಮೇಜಿನ ಮೇಲೆ ನೆರಳು ಬಿತ್ತು.

"ಚೆನ್ನಾಗಿದ್ದೀರಾ ಅಕ್ಕಾ?"

ಅದೇ ಮೆತ್ತಗಿನ ದನಿ, ಅದೇ ಇಸ್ತ್ರಿಯ ಶರಟು. ಜಾಮೀನು ಸಿಕ್ಕಿತ್ತು. ಅವನು ಅಂಗಡಿಯಲ್ಲೆಲ್ಲ ಒಮ್ಮೆ ಕಣ್ಣಾಡಿಸಿ, "ಬರ್ತಾ ಇರ್ತೀನಿ" ಎಂದು ನಕ್ಕು, ಅವಸರವಿಲ್ಲದೆ ನಡೆದುಹೋದ.

ಅವಳು ಶಟರ್ ಅರ್ಧ ಎಳೆದು ಮಹಡಿ ಹತ್ತಿದಳು. ಕಾಯುತ್ತಿದ್ದವರೆಲ್ಲ ಅವಳ ಮುಖ ನೋಡಿ ದಾರಿ ಬಿಟ್ಟರು.

"ಮುಟ್ಟಿದನಾ? ಬೆದರಿಸಿದನಾ?" ಎಂದು ಕೇಳಿದರು ವಕೀಲಮ್ಮ.

"ಇಲ್ಲ ಮೇಡಂ. ಚೆನ್ನಾಗಿದ್ದೀರಾ ಅಂದ. ಬರ್ತಾ ಇರ್ತೀನಿ ಅಂದ."

ವಕೀಲಮ್ಮ ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. ಅವರು ದಣಿದದ್ದನ್ನು ಅವಳು ನೋಡಿದ್ದು ಅದೇ ಮೊದಲು. "ಸಾಕ್ಷಿಗಳ ಹತ್ತಿರ ಸುಳಿಯಬಾರದು ಅಂತ ಅವನ ಜಾಮೀನಲ್ಲೇ ಇದೆ. ಇವತ್ತೇ ಕೋರ್ಟಿಗೆ ಅರ್ಜಿ ಹಾಕೋಣ. ಆದ್ರೆ ಚೆನ್ನಾಗಿದ್ದೀರಾ ಅಂದಿದ್ದಕ್ಕೆ ಜಾಮೀನು ರದ್ದು ಮಾಡ್ತಾರೋ ಇಲ್ವೋ, ಹೇಳೋಕಾಗಲ್ಲ. ಅಂಗಡೀಲಿ ಒಬ್ಬರೇ ಕೂರಬೇಡಿ."

ಅಂದಿನಿಂದ ಗಂಡ ಪಾಳಿ ಬದಲಿಸಿಕೊಂಡು ಮಧ್ಯಾಹ್ನಗಳಲ್ಲಿ ಅಂಗಡಿಗೆ ಬಂದು ಕೂರತೊಡಗಿದ. ಅವಳು ಬೀದಿಗೆ ಬೆನ್ನು ಹಾಕಿ ಕೂರುವುದನ್ನು ಬಿಟ್ಟಿದ್ದಳು. ಯಾರಾದರೂ ಬಂದು ನಿಂತರೆ ಅರ ಕೆಳಗಿಟ್ಟು, ಮೊದಲು ಅವರ ಮುಖ ನೋಡುತ್ತಿದ್ದಳು.