ಗಾಳಿ ಸೋಕಿದ ಬೇರು

ಬೇರು ಹೇಗೆ ಬೆಳೆಯುತ್ತದೆ ಅಂತ ರೈತರಿಗೆ ತೋರಿಸುವುದು ನನ್ನ ಕೆಲಸ. ನಾನು ಹಾರ್ಮೋನು ಅಂದ ತಕ್ಷಣ ಅವರು ತೂಕಡಿಸುತ್ತಿದ್ದರು. ಆ ಸಲ ಹಿಂದೂಪುರದಿಂದ ಎರಡು ಡಬ್ಬಿ ಹೆಸರುಕಾಳಿನ ಮೊಳಕೆ ಹೊತ್ತು, ಸಭೆಗೆ ಮೂರು ದಿನ ಮುಂಚೆಯೇ ಕಲ್ಯಾಣದುರ್ಗಕ್ಕೆ ಹೋಗಿದ್ದೆ. ಸಭೆಯ ಬೆಳಿಗ್ಗೆ ಮುಚ್ಚಳ ತೆಗೆದರೆ ಒಂದರಲ್ಲಿ ಬೇರು ನೆಟ್ಟಗಿವೆ, ಇನ್ನೊಂದರಲ್ಲಿ ಮೋಟಾಗಿ ಊದಿಕೊಂಡಿವೆ!

ನಾನು ಇಳಿದುಕೊಂಡಿದ್ದ ಮನೆಯ ನಾಗಮ್ಮ ಇಣುಕಿ ನೋಡಿದರು. “ಇದುಕ್ಕೆ ಗಾಳಿ ಸೋಕೈತೆ ಕಣಪ್ಪ. ತಡಿ, ನಿಂಬೆಹಣ್ಣು ತತ್ತೀನಿ.”

“ಮುಚ್ಚಿದ ಡಬ್ಬಿಯೊಳಗೆ ಯಾವ ದೆವ್ವ ಬರುತ್ತಮ್ಮ?” ಅಂತ ರೇಗಿದೆ. ಅಷ್ಟರಲ್ಲಿ ಡಬ್ಬಿಯಿಂದ ಸೀತಾಫಲದ ವಾಸನೆ ಘಮ್ಮೆಂದಿತು.

“ಮಾಗ್ಲಿ ಅಂತ ಎಲ್ಡು ಕಾಯಿ ನಾನೇ ಅದ್ರಾಗೆ ಇಕ್ಕಿದ್ದೆ. ಹಣ್ಣಾದ್ವು, ಈಗ್ತಾನೆ ತಗಂಡೆ” ಅಂದರು ತಣ್ಣಗೆ.

ನಾನು ಕುಣಿದುಬಿಟ್ಟೆ. ಮಾಗುವ ಹಣ್ಣು ಬಿಡುವ ಎಥಿಲೀನ್ ಅನಿಲವೇ ಆ ಗಾಳಿ! ಅದು ಸೋಕಿದರೆ ಬೇರಿನ ತುದಿಯಲ್ಲಿ ಆಕ್ಸಿನ್ ಎಂಬ ಹಾರ್ಮೋನು ಹೆಚ್ಚಾಗಿ, ಬೇರು ಉದ್ದವಾಗುವುದನ್ನು ಬಿಟ್ಟು ದಪ್ಪಗಾಗುತ್ತದೆ.

ಸಭೆಯಲ್ಲಿ “ಇದು ಹಣ್ಣಿನ ಗಾಳಿ ಸೋಕಿದ ಬೇರು” ಅಂದೆ, ಅಷ್ಟೆ. ಎಲ್ಲರೂ ಎದ್ದು ಬಂದು ಡಬ್ಬಿ ಮುತ್ತಿಕೊಂಡರು. “ಇಂಕೋಸಾರಿ ಸಾರ್, ಇನ್ನೊಂದ್ಸಲ ತೋರ್ಸಿ!” ಒಬ್ಬರೂ ತೂಕಡಿಸಲಿಲ್ಲ.

ನಾಗಮ್ಮ ಮಾತ್ರ ಬೆಳಿಗ್ಗೆ ನಾನು ಕುಣಿದದ್ದು ನೋಡಿ, ನಿಂಬೆಹಣ್ಣನ್ನು ಡಬ್ಬಿ ಬಿಟ್ಟು ನನಗೇ ನಿವಾಳಿಸಿದ್ದರು.